ಸಿಸರ್ ಲಿಫ್ಟ್ ಮೇಲೇರುವ ಮುನ್ನ: ನಿರ್ಮಾಣ ಸ್ಥಳದ ಸುರಕ್ಷತೆ ಮತ್ತು ಗ್ರಾಮ ಪಂಚಾಯತಿ ಸದಸ್ಯರ ಹೊಣೆ

ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸರ್ವ ಸದಸ್ಯರ ಗಮನಕ್ಕೆ,

ನಮ್ಮ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಕಟ್ಟಡ ಕಾಮಗಾರಿಗಳ ಸ್ವರೂಪ ಬದಲಾಗುತ್ತಿದೆ. ಹಿಂದೆ ಎತ್ತರದ ಕೆಲಸವೆಂದರೆ ಬಿದಿರಿನ ಅಟ್ಟಣಿಗೆ, ಮರದ ಏಣಿ ಮತ್ತು ಹಗ್ಗ. ಇಂದು ಗೋದಾಮು, ಶೈತ್ಯಾಗಾರ, ಕಾರ್ಖಾನೆಯ ಶೆಡ್, ಕಲ್ಯಾಣ ಮಂಟಪ ಹಾಗೂ ಶಾಲಾ ಸಭಾಂಗಣಗಳ ಕಾಮಗಾರಿಗಳಲ್ಲಿ ಬಾಡಿಗೆಯ ಯಂತ್ರಗಳು ಕಾಣಿಸಿಕೊಳ್ಳುತ್ತಿವೆ. ಅವುಗಳಲ್ಲಿ ಒಂದು ಸಿಸರ್ ಲಿಫ್ಟ್. ನಮ್ಮ ಕಾರ್ಮಿಕರು ಇದನ್ನು ಕತ್ತರಿ ಲಿಫ್ಟ್ ಎಂದೂ ಕರೆಯುತ್ತಾರೆ.

ಏಣಿಗಿಂತ ಈ ಯಂತ್ರ ಹೆಚ್ಚು ಸುರಕ್ಷಿತವೆಂಬುದು ನಿಜ. ಆದರೆ ಆ ಸುರಕ್ಷತೆ ಕೆಲವು ಷರತ್ತುಗಳಿಗೆ ಒಳಪಟ್ಟಿದೆ. ಆ ಷರತ್ತುಗಳಲ್ಲಿ ಬಹುಪಾಲು ಯಂತ್ರದೊಳಗಿಲ್ಲ. ಅದರ ಕೆಳಗಿನ ನೆಲದಲ್ಲಿ, ಮೇಲಿನ ತಂತಿಯಲ್ಲಿ, ಸುತ್ತಲಿನ ಗಾಳಿಯಲ್ಲಿ ಮತ್ತು ನೆಲದ ಮೇಲೆ ನಿಂತಿರುವ ಮನುಷ್ಯನ ತಿಳಿವಳಿಕೆಯಲ್ಲಿ ಇವೆ. ಇವುಗಳನ್ನು ಪರಿಶೀಲಿಸಲು ತಾಂತ್ರಿಕ ಪದವಿ ಬೇಕಿಲ್ಲ. ಕಾಮಗಾರಿ ಸ್ಥಳಕ್ಕೆ ಭೇಟಿ ನೀಡುವ ಸದಸ್ಯರೊಬ್ಬರು ನೆಲದಲ್ಲಿ ನಿಂತೇ ಇವುಗಳನ್ನು ಕೇಳಿ ತಿಳಿಯಬಹುದು. ಅದನ್ನು ಮನದಟ್ಟು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

1. ಕೆಲಗೇರಿಯ ಬಳಿ ಕಂಡ ಒಂದು ಘಟನೆ

ನಾನು ವಾಸವಾಗಿರುವ ಕೆಲಗೇರಿಯು ಧಾರವಾಡ ನಗರದ ಪಶ್ಚಿಮ ಅಂಚಿನಲ್ಲಿದ್ದು, ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದೆ. ಅದರಾಚೆಗೆ ಗ್ರಾಮ ಪಂಚಾಯತಿಗಳು ಆರಂಭವಾಗುತ್ತವೆ. ಚಿಕ್ಕಮಲ್ಲಿಗವಾಡದಲ್ಲಿ ಐಐಟಿಯ ಶಾಶ್ವತ ಆವರಣವು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಹೆದ್ದಾರಿಯ ಕಡೆ ಮುಮ್ಮಿಗಟ್ಟಿ ಮತ್ತು ಬೇಲೂರು ಕೈಗಾರಿಕಾ ಪ್ರದೇಶಗಳಿವೆ. ಇಂತಹ ಕಾಮಗಾರಿಗಳಿಗೆ ಸುತ್ತಲಿನ ಹಳ್ಳಿಗಳ ಯುವಕರೂ ಕೂಲಿಗೆ ಹೋಗುತ್ತಾರೆ.

ಕೆಲಗೇರಿಯ ಸಮೀಪ ನಿರ್ಮಾಣದಲ್ಲಿದ್ದ ಗೋದಾಮೊಂದಕ್ಕೆ ನಾನು ಪರಿಚಿತ ಕಾರ್ಮಿಕರೊಬ್ಬರನ್ನು ಕಾಣಲು ಹೋಗಿದ್ದೆ. ಒಳಗೆ ಇಬ್ಬರು ಸಿಸರ್ ಲಿಫ್ಟ್ ಮೇಲೆ ನಿಂತು ಛಾವಣಿಯ ಕೆಳಗೆ ದೀಪಗಳನ್ನು ಅಳವಡಿಸುತ್ತಿದ್ದರು. ಒಂದು ದೀಪದಿಂದ ಮತ್ತೊಂದರ ಕಡೆಗೆ ಸಾಗಲು ವೇದಿಕೆಯನ್ನು ಕೆಳಗಿಳಿಸದೆ, ಎತ್ತಿದ ಸ್ಥಿತಿಯಲ್ಲಿಯೇ ಯಂತ್ರವನ್ನು ಚಲಾಯಿಸಿದರು. ನೆಲ ನೋಡಲು ಸಮತಟ್ಟಾಗಿತ್ತು. ಆದರೆ ಒಂದು ಕಡೆ ಪೈಪಿಗಾಗಿ ತೋಡಿದ್ದ ಕಾಲುವೆಯನ್ನು ಕೆಲವೇ ದಿನಗಳ ಹಿಂದೆ ಗರಸು ಹಾಕಿ ಮುಚ್ಚಲಾಗಿತ್ತು; ಸರಿಯಾಗಿ ಧಮ್ಮಸ್ಸು ಮಾಡಿರಲಿಲ್ಲ. ಮುಂದಿನ ಚಕ್ರವೊಂದು ಅಲ್ಲಿ ಇಳಿಯಿತು. ವೇದಿಕೆ ಒಂದು ಬದಿಗೆ ವಾಲಿತು. ಯಂತ್ರದ ತಳದಲ್ಲಿದ್ದ ಗುಂಡಿ ರಕ್ಷಕ ಪಟ್ಟಿ ನೆಲಕ್ಕೆ ತಾಗಿ ನಿಂತದ್ದರಿಂದ ಅದು ಮಗುಚಲಿಲ್ಲ.

ಮೇಲಿದ್ದವರು ಗಾಬರಿಯಿಂದ ತುರ್ತು ನಿಲುಗಡೆ ಗುಂಡಿಯನ್ನು ಒತ್ತಿದರು. ಮತ್ತೆ ಅದನ್ನು ಬಿಡಿಸಲು ಅವರಿಗೆ ಧೈರ್ಯ ಬರಲಿಲ್ಲ. ಕೆಳಗೆ ಏಳೆಂಟು ಜನರಿದ್ದೆವು. ನೆಲದಿಂದಲೇ ವೇದಿಕೆಯನ್ನು ಇಳಿಸುವ ಕೀಲಿ ಎಲ್ಲಿದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ತಿಳಿದಿದ್ದ ಒಬ್ಬನೇ ವ್ಯಕ್ತಿ ಮೇಲಿದ್ದ, ಅವನು ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ಯಂತ್ರ ಬಾಡಿಗೆಗೆ ಕೊಟ್ಟವರ ಮೆಕ್ಯಾನಿಕ್ ದೂರವಾಣಿಯಲ್ಲಿ ವಿವರಿಸಿದ ನಂತರ ತಳದ ಹಿಂಬದಿಯಲ್ಲಿದ್ದ ಗುಬ್ಬಿಯನ್ನು ಎಳೆದು ನಿಧಾನವಾಗಿ ಇಳಿಸಲಾಯಿತು. ಅಷ್ಟರಲ್ಲಿ ಸುಮಾರು ಇಪ್ಪತ್ತು ನಿಮಿಷ ಕಳೆದಿತ್ತು.

ಓರೆಯಾದಾಗ ಕೂಗಬೇಕಾಗಿದ್ದ ಎಚ್ಚರಿಕೆಯ ಗಂಟೆ ಏಕೆ ಮೊಳಗಲಿಲ್ಲ ಎಂದು ವಿಚಾರಿಸಿದೆ. "ಮಾತುಮಾತಿಗೆ ಹೊಡಕೊಳ್ತಿತ್ತು ಸರ್, ಅದಕ್ಕ ವೈರ್ ತಗದೇವಿ" ಎಂಬ ಉತ್ತರ ಬಂತು. ಯಾರಿಗೂ ಗಾಯವಾಗದ ಕಾರಣ ಈ ಘಟನೆ ಯಾವ ದಾಖಲೆಯಲ್ಲಿಯೂ ಸೇರಲಿಲ್ಲ. ಮರುದಿನ ಅದೇ ಯಂತ್ರ ಅದೇ ನೆಲದ ಮೇಲೆ ಕೆಲಸಕ್ಕೆ ನಿಂತಿತ್ತು. ಇಂಜಿನಿಯರಿಂಗ್ ಪದವೀಧರನಾದ ನನಗೂ ಆ ಇಪ್ಪತ್ತು ನಿಮಿಷ ಏನು ಮಾಡಬೇಕೆಂದು ತಿಳಿದಿರಲಿಲ್ಲ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಮುಂದಿನ ಅಂಶಗಳನ್ನು ಆ ಬಳಿಕ ಕಲಿತುಕೊಂಡೆ.

2. ಯಂತ್ರದ ರಚನೆ

ಸಿಸರ್ ಲಿಫ್ಟಿನಲ್ಲಿ ಮೂರು ಭಾಗಗಳಿವೆ. ಕೆಳಗೆ ಚಕ್ರಗಳುಳ್ಳ ಭಾರವಾದ ತಳ. ನಡುವೆ ಕತ್ತರಿಯಂತೆ ಒಂದಕ್ಕೊಂದು ಅಡ್ಡವಾಗಿ ಜೋಡಿಸಿದ ಉಕ್ಕಿನ ತೋಳುಗಳು. ಮೇಲೆ ಸುತ್ತಲೂ ಕಂಬಿಗಳಿರುವ ವೇದಿಕೆ. ಬ್ಯಾಟರಿ ಅಥವಾ ಡೀಸೆಲ್ ಶಕ್ತಿಯಿಂದ ಪಂಪು ಎಣ್ಣೆಯನ್ನು ಸಿಲಿಂಡರಿನೊಳಗೆ ಒತ್ತುತ್ತದೆ. ಸಿಲಿಂಡರಿನ ದಂಡ ಹೊರಚಾಚಿದಾಗ ಕತ್ತರಿಯ ತೋಳುಗಳು ನೆಟ್ಟಗಾಗಿ ವೇದಿಕೆ ಮೇಲೇರುತ್ತದೆ. ಇಳಿಯುವಾಗ ಕವಾಟವು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ವೇದಿಕೆ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಬ್ಯಾಟರಿ ಕೆಟ್ಟರೂ ನೆಲದಿಂದ ಕೈಯಾರೆ ಇಳಿಸಲು ಸಾಧ್ಯವಾಗುವುದು ಈ ಕಾರಣಕ್ಕಾಗಿಯೇ.

ಒಳಾಂಗಣದಲ್ಲಿ ಹೆಚ್ಚು ಬಳಕೆಯಾಗುವ ಸಣ್ಣ ಮಾದರಿಯ ಅಳತೆಗಳನ್ನು ಗಮನಿಸಿರಿ. ಅಗಲ ಸುಮಾರು 76 ಸೆಂ.ಮೀ., ಅಂದರೆ ಒಂದು ಬಾಗಿಲಿನೊಳಗೆ ಹಾಯುವಷ್ಟು. ವೇದಿಕೆ ಏರುವ ಎತ್ತರ ಸುಮಾರು 5.8 ಮೀಟರ್, ಅಂದರೆ 19 ಅಡಿ. ಹೊರಬಹುದಾದ ಗರಿಷ್ಠ ಭಾರ ಸುಮಾರು 227 ಕೆ.ಜಿ. ಯಂತ್ರದ ಸ್ವಂತ ತೂಕ ಒಂದು ಟನ್ನಿಗಿಂತ ಹೆಚ್ಚು. ಅಗಲಕ್ಕಿಂತ ಏಳು ಪಟ್ಟಿಗೂ ಅಧಿಕ ಎತ್ತರಕ್ಕೆ ಏರುವ ವಸ್ತು ನೆಟ್ಟಗೆ ನಿಲ್ಲುವುದು ತಳದ ಭಾರದಿಂದ ಮತ್ತು ನೆಲದ ಸಮತಟ್ಟಿನಿಂದ ಮಾತ್ರ. ಪ್ರತಿಯೊಂದು ಯಂತ್ರದ ನಿಖರ ಅಂಕಿಗಳು ಅದರ ಮೈಮೇಲಿರುವ ಫಲಕದಲ್ಲಿ ನಮೂದಾಗಿರುತ್ತವೆ. ಆ ಫಲಕ ಅಳಿಸಿಹೋಗಿದ್ದರೆ ಅಥವಾ ಕಿತ್ತುಹೋಗಿದ್ದರೆ ಯಂತ್ರವನ್ನು ಬಳಸುವುದು ಸರಿಯಲ್ಲ.

3. ಮೊದಲನೆಯ ಪರೀಕ್ಷೆ: ನೆಲ

ಮೇಲೆ ತಿಳಿಸಿದ ಸಣ್ಣ ಮಾದರಿಗಳಲ್ಲಿ ಯಂತ್ರವು ಪಕ್ಕಕ್ಕೆ ಸುಮಾರು 1.5 ಡಿಗ್ರಿ ಓರೆಯಾದರೆ ಎಚ್ಚರಿಕೆಯ ಗಂಟೆ ಮೊಳಗುತ್ತದೆ. 76 ಸೆಂ.ಮೀ. ಅಗಲದ ತಳಕ್ಕೆ ಇದನ್ನು ಲೆಕ್ಕ ಹಾಕಿದರೆ, ಎಡ ಮತ್ತು ಬಲ ಚಕ್ರಗಳ ನಡುವೆ ಕೇವಲ 2 ಸೆಂ.ಮೀ. ಏರುಪೇರು, ಅಂದರೆ ಒಂದು ಬೆರಳಿನ ದಪ್ಪ. ಕೆಳಗೆ ಅಷ್ಟು ವ್ಯತ್ಯಾಸವಾದರೆ 5.8 ಮೀಟರ್ ಎತ್ತರದಲ್ಲಿ ವೇದಿಕೆ ಸುಮಾರು 15 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಚಕ್ರ 5 ಸೆಂ.ಮೀ. ಇಳಿದರೆ ವೇದಿಕೆ 38 ಸೆಂ.ಮೀ. ಸರಿಯುತ್ತದೆ, ಆಗ ವೇದಿಕೆಯ ನಡುಬಿಂದು ಒಂದು ಬದಿಯ ಚಕ್ರಗಳ ನೇರ ಮೇಲಕ್ಕೆ ಬಂದಂತಾಯಿತು. ತಳದ ಭಾರ ಆಗಲೂ ಯಂತ್ರವನ್ನು ಹಿಡಿದು ನಿಲ್ಲಿಸಬಹುದು. ಆದರೆ ಮೇಲಿದ್ದವರು ಒಮ್ಮೆ ಅದೇ ಬದಿಗೆ ಬಾಗಿದರೆ, ಅಥವಾ ಚಕ್ರ ಜರ್ರನೆ ಮತ್ತಷ್ಟು ಇಳಿದರೆ, ಉಳಿದಿದ್ದ ಅಲ್ಪ ಅಂತರವೂ ಕಳೆದುಹೋಗುತ್ತದೆ.

ಆದ್ದರಿಂದ ಗಂಟೆ ಮತ್ತೆ ಮತ್ತೆ ಮೊಳಗುತ್ತಿದೆ ಎಂದರೆ ಯಂತ್ರ ಕೆಟ್ಟಿದೆ ಎಂದು ತಿಳಿಯಬಾರದು. ನೆಲ ಸರಿಯಿಲ್ಲ ಎಂದು ತಿಳಿಯಬೇಕು. ಗಂಟೆಯ ತಂತಿಯನ್ನು ಕಿತ್ತವರು ಕಿರಿಕಿರಿಯನ್ನು ತೆಗೆದಂತಾಗುತ್ತದೆಯೇ ಹೊರತು ಅಪಾಯವನ್ನಲ್ಲ.

ನೆಲದ ವಿಷಯದಲ್ಲಿ ನಮ್ಮ ಜಿಲ್ಲೆಗೆ ತನ್ನದೇ ಆದ ತೊಡಕುಗಳಿವೆ. ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ಭಾಗದ ಎರೆಭೂಮಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಎರೆಮಣ್ಣಿನಡಿ ಆಳವಾದ ಬಿರುಕುಗಳಿರುತ್ತವೆ. ಒಂದು ಅಡ್ಡಮಳೆ ಬಿದ್ದರೆ ಅದೇ ನೆಲ ಕೆಸರಾಗಿ ಚಕ್ರವನ್ನು ನುಂಗುತ್ತದೆ. ಕಲಘಟಗಿ, ಅಳ್ನಾವರ ಮತ್ತು ಧಾರವಾಡದ ಪಶ್ಚಿಮ ಭಾಗದ ಮಸಾರಿ ಭೂಮಿ ಅಷ್ಟು ಉಬ್ಬದಿದ್ದರೂ, ಹೊಸದಾಗಿ ತುಂಬಿದ ಮಣ್ಣು ಅಲ್ಲಿಯೂ ಮೋಸಮಾಡುತ್ತದೆ. ಯಾವ ಭೂಮಿಯೇ ಆಗಲಿ, ಕೆಳಗಿನವುಗಳನ್ನು ಯಂತ್ರ ತರುವ ಮೊದಲೇ ಗುರುತಿಸಬೇಕು:

(ಅ) ಪೈಪು, ಕೇಬಲ್ ಅಥವಾ ಚರಂಡಿಗಾಗಿ ತೋಡಿ ಮುಚ್ಚಿದ ಕಾಲುವೆಗಳು.
(ಆ) ಶೌಚಗುಂಡಿ, ನೀರಿನ ತೊಟ್ಟಿ, ಇಂಗುಗುಂಡಿಗಳ ಮೇಲಿನ ಮುಚ್ಚಳಗಳು. ಒಂದು ಚಕ್ರದ ಮೇಲೆ ಅರ್ಧ ಟನ್ನಿನಷ್ಟು ಭಾರ ಬೀಳಬಹುದು. ಮನುಷ್ಯನ ಓಡಾಟಕ್ಕೆಂದು ಮಾಡಿದ ಮುಚ್ಚಳ ಅದನ್ನು ತಾಳಲಾರದು.
(ಇ) ಹೊಸದಾಗಿ ಹಾಕಿದ ಅಥವಾ ಇನ್ನೂ ಊರೆಗಳಿರುವ ಸ್ಲ್ಯಾಬು. ಇದರ ಮೇಲೆ ಯಂತ್ರ ಏರಿಸಲು ಇಂಜಿನಿಯರರ ಲಿಖಿತ ಒಪ್ಪಿಗೆ ಅಗತ್ಯ.
(ಈ) ಸ್ಲ್ಯಾಬಿನ ಅಂಚು, ಮೆಟ್ಟಿಲಿನ ತೆರಪು, ಇಳಿಜಾರು ಮತ್ತು ನೆಲದ ಮೇಲೆ ಚದುರಿದ ಕಬ್ಬಿಣದ ತುಂಡು, ಹಲಗೆ, ಜಲ್ಲಿ.

ಗುರುತಿಸಿದ ಸ್ಥಳಗಳಿಗೆ ಸುಣ್ಣದ ಗೆರೆ ಎಳೆಯಬೇಕು. ಹತ್ತು ರೂಪಾಯಿಯ ಸುಣ್ಣ ಸಾಕು. ಕೆಲಗೇರಿಯ ಆ ಗೋದಾಮಿನಲ್ಲಿ ಇಲ್ಲದಿದ್ದದ್ದು ಈ ಗೆರೆ. ಚಕ್ರದ ಕೆಳಗೆ ಇಟ್ಟಿಗೆ ಅಥವಾ ಹಲಗೆ ಇಟ್ಟು ಮಟ್ಟ ಮಾಡುವ ರೂಢಿಯನ್ನು ಸಂಪೂರ್ಣವಾಗಿ ನಿಲ್ಲಿಸಬೇಕು.

4. ಎರಡನೆಯ ಪರೀಕ್ಷೆ: ಗಾಳಿ

ಸಣ್ಣ ಸಿಸರ್ ಲಿಫ್ಟುಗಳಲ್ಲಿ ಹಲವು ಒಳಾಂಗಣಕ್ಕೆ ಮಾತ್ರ ಮೀಸಲು. ಅವುಗಳ ಫಲಕದಲ್ಲಿ ಅನುಮತಿಸಿದ ಗಾಳಿಯ ವೇಗ ಸೊನ್ನೆ ಎಂದಿರುತ್ತದೆ. ಹೊರಾಂಗಣಕ್ಕೆ ತಕ್ಕ ಮಾದರಿಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್, ಅಂದರೆ ಗಂಟೆಗೆ 45 ಕಿ.ಮೀ. ಎಂದಿರುತ್ತದೆ. ಒಳಗೆ ಇಬ್ಬರಿಗೆ ಅವಕಾಶವಿರುವ ಕೆಲವು ಯಂತ್ರಗಳಲ್ಲಿ ಹೊರಗೆ ಒಬ್ಬರಿಗೆ ಮಾತ್ರ ಅವಕಾಶ. ಗೋಡೆ ಇನ್ನೂ ಏರದ, ಛಾವಣಿ ಮಾತ್ರ ಇರುವ ಶೆಡ್ಡು ಗಾಳಿಯ ದೃಷ್ಟಿಯಿಂದ ಒಳಾಂಗಣವಲ್ಲ ಎಂಬುದನ್ನು ನೆನಪಿಡಬೇಕು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲದ ಒಂದು ತಗಡನ್ನು ಗಂಟೆಗೆ 45 ಕಿ.ಮೀ. ವೇಗದ ಗಾಳಿಗೆ ಎದುರಾಗಿ ಹಿಡಿದರೆ ಅದರ ಮೇಲೆ ಸುಮಾರು 28 ಕೆ.ಜಿ. ಭಾರಕ್ಕೆ ಸಮನಾದ ತಳ್ಳುವ ಬಲ ಬೀಳುತ್ತದೆ. 90 ಕಿ.ಮೀ. ವೇಗದಲ್ಲಿ ಅದು 110 ಕೆ.ಜಿ.ಯನ್ನು ಮೀರುತ್ತದೆ. ವೇದಿಕೆಯ ಕಂಬಿಗಳಿಗೆ ಬ್ಯಾನರ್ ಅಥವಾ ತಾಡಪತ್ರಿ ಕಟ್ಟುವುದೆಂದರೆ ಯಂತ್ರಕ್ಕೆ ಹಾಯಿ ಕಟ್ಟಿದಂತೆ.

2010ರ ಅಕ್ಟೋಬರ್ 27ರಂದು ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಸಿಸರ್ ಲಿಫ್ಟ್ ಮೇಲೆ ನಿಂತು ಕ್ರೀಡಾಭ್ಯಾಸವನ್ನು ಚಿತ್ರೀಕರಿಸುತ್ತಿದ್ದ 20 ವರ್ಷದ ವಿದ್ಯಾರ್ಥಿಯೊಬ್ಬ ಯಂತ್ರ ಉರುಳಿ ಮೃತಪಟ್ಟನು. ಆ ದಿನ ಗಾಳಿಯ ಹೊಡೆತ ಗಂಟೆಗೆ 80 ಕಿ.ಮೀ.ಯನ್ನು ಮೀರಿತ್ತು. ಅನುಕೂಲಗಳಿರುವ ಸಂಸ್ಥೆಯಲ್ಲಿಯೂ ಗಾಳಿ ಬೀಸುವ ದಿನ ಯಂತ್ರವನ್ನು ಎತ್ತಬಾರದೆಂಬ ನಿರ್ಧಾರವನ್ನು ಯಾರೂ ಕೈಗೊಳ್ಳದಿದ್ದರೆ ಫಲ ಒಂದೇ.

ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನದ ನಂತರ ಗುಡುಗುಮಳೆಗೆ ಮುನ್ನ ಎದ್ದುಬರುವ ಬಿರುಗಾಳಿ ಅತ್ಯಂತ ಅಪಾಯಕಾರಿ. ಅದು ಹೇಳಿಕೇಳಿ ಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ದಿನವಿಡೀ ಬೀಸುತ್ತದೆ. ಈ ಅವಧಿಯಲ್ಲಿ ಹೊರಾಂಗಣದ ಕೆಲಸವನ್ನು ಬೆಳಗಿನ ಹೊತ್ತಿಗೆ ಸೀಮಿತಗೊಳಿಸಿ, ಮೋಡ ಕಟ್ಟಿದ ಕೂಡಲೇ ವೇದಿಕೆಯನ್ನು ಕೆಳಗಿಳಿಸುವುದು ಉಚಿತ.

5. ಮೂರನೆಯ ಪರೀಕ್ಷೆ: ತಂತಿ ಮತ್ತು ತೊಲೆ

ಸಿಸರ್ ಲಿಫ್ಟ್ ಸಂಪೂರ್ಣ ಉಕ್ಕಿನದು. ವಿದ್ಯುತ್ತಿನಿಂದ ಅದು ಯಾವ ರಕ್ಷಣೆಯನ್ನೂ ನೀಡುವುದಿಲ್ಲ. ನಮ್ಮ ಹಳ್ಳಿಗಳಲ್ಲಿ 11 ಕೆ.ವಿ. ಮಾರ್ಗಗಳು ಶಾಲೆಯ ಅಂಗಳ, ಗೋದಾಮಿನ ಮಗ್ಗುಲು ಮತ್ತು ರಸ್ತೆಯ ಅಂಚಿನಲ್ಲಿಯೇ ಹಾಯ್ದಿವೆ. ಇಷ್ಟು ಒತ್ತಡದ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ಬಹಳ ಸಮೀಪ ಹೋದರೂ ವಿದ್ಯುತ್ ಜಿಗಿಯಬಹುದು. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಇಂತಹ ತಂತಿಗಳಿಂದ ಕನಿಷ್ಠ 10 ಅಡಿ, ಅಂದರೆ ಸುಮಾರು 3 ಮೀಟರ್ ಅಂತರವನ್ನು ವಿಧಿಸುತ್ತವೆ. ಈ ಅಂತರವನ್ನು ಯಂತ್ರದಿಂದಲ್ಲ, ವೇದಿಕೆಯ ಮೇಲಿರುವವರ ಕೈಯಲ್ಲಿನ ಪೈಪು ಅಥವಾ ಸರಳಿನ ತುದಿಯಿಂದ ಅಳೆಯಬೇಕು. ಅಷ್ಟು ಅಂತರ ಕಾಯ್ದುಕೊಳ್ಳಲು ಸಾಧ್ಯವಿಲ್ಲದಿದ್ದರೆ ಹೆಸ್ಕಾಂ ಶಾಖಾ ಕಚೇರಿಗೆ ಲಿಖಿತವಾಗಿ ಕೋರಿ ಲೈನ್ ಕ್ಲಿಯರ್ ಪಡೆದ ನಂತರವೇ ಕೆಲಸ ಆರಂಭಿಸಬೇಕು. "ಲೈನ್‌ಮನ್‌ಗೆ ಫೋನಿನಲ್ಲಿ ಹೇಳಿದ್ದೇವೆ" ಎಂಬ ಮಾತನ್ನು ಒಪ್ಪಬಾರದು.

ಯಂತ್ರವು ತಂತಿಗೆ ತಗುಲಿದರೆ ನೆಲದ ಮೇಲಿದ್ದವರು ಅದರ ಹತ್ತಿರ ಸುಳಿಯಬಾರದು. ಮೇಲಿದ್ದವರು ವಿದ್ಯುತ್ ಕಡಿತವಾಗುವವರೆಗೆ ವೇದಿಕೆಯಲ್ಲಿಯೇ ಇರಬೇಕು. ಕೂಡಲೇ 1912ಕ್ಕೆ ಕರೆ ಮಾಡಬೇಕು. ಕಾಪಾಡಲು ಧಾವಿಸಿ ಯಂತ್ರವನ್ನು ಮುಟ್ಟುವವನೇ ಇಂತಹ ಸಂದರ್ಭದಲ್ಲಿ ಎರಡನೆಯ ಬಲಿಯಾಗುತ್ತಾನೆ.

ಕಟ್ಟಡದ ಒಳಗೆ ತಂತಿಯ ಬದಲು ತೊಲೆಯ ಅಪಾಯವಿದೆ. ವೇದಿಕೆ ಏರುವಾಗ ಅಥವಾ ಸಾಗುವಾಗ ಚಾಲಕನ ಗಮನ ಕೆಲಸದ ಜಾಗದ ಮೇಲಿದ್ದು, ಅವನ ತಲೆ ಅಥವಾ ಎದೆ ತೊಲೆ ಮತ್ತು ಕಂಬಿಯ ನಡುವೆ ಸಿಕ್ಕಿಕೊಳ್ಳಬಹುದು. ಸಿಕ್ಕಿಕೊಂಡವನ ದೇಹವೇ ನಿಯಂತ್ರಣ ಹಿಡಿಕೆಯನ್ನು ಒತ್ತುತ್ತಿದ್ದರೆ ಯಂತ್ರ ನಿಲ್ಲುವುದೂ ಇಲ್ಲ. ಆದುದರಿಂದ ತೊಲೆಗಳ ಸಮೀಪ ಅತಿ ನಿಧಾನವಾಗಿ, ಮೇಲೆ ನೋಡುತ್ತಲೇ ಏರಬೇಕು. ಕೆಳಗೆ ಒಬ್ಬರು ನಿಂತು ಗಮನಿಸುತ್ತಿರಬೇಕು.

6. ಪ್ರತಿದಿನ ಏರುವ ಮುನ್ನ ಮತ್ತು ಏರಿದ ಮೇಲೆ

ಬೆಳಿಗ್ಗೆ ಕೆಲಸ ಆರಂಭಿಸುವ ಮುನ್ನ ಹತ್ತು ನಿಮಿಷದ ತಪಾಸಣೆ ಕಡ್ಡಾಯವಾಗಿರಬೇಕು. ಎಣ್ಣೆ ಸೋರಿಕೆ, ಚಕ್ರಗಳು, ತೋಳುಗಳ ಕೀಲು, ಕಂಬಿ ಮತ್ತು ಬಾಗಿಲು, ಬ್ಯಾಟರಿ, ಬ್ರೇಕು ಇವುಗಳನ್ನು ನೋಡಬೇಕು. ಬಳಿಕ ಖಾಲಿ ವೇದಿಕೆಯನ್ನು ನೆಲದ ನಿಯಂತ್ರಣದಿಂದ ಏರಿಸಿ ಇಳಿಸಬೇಕು. ತುರ್ತು ನಿಲುಗಡೆ ಗುಂಡಿ, ಓರೆಯ ಗಂಟೆ, ಗುಂಡಿ ರಕ್ಷಕ ಪಟ್ಟಿ ಮತ್ತು ತುರ್ತು ಇಳಿಕೆಯ ಕೀಲಿ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬೇಕು. ಒಂದು ಕೆಟ್ಟಿದ್ದರೂ ಚಾವಿಯನ್ನು ತೆಗೆದಿಟ್ಟು, "ಬಳಸಬಾರದು" ಎಂಬ ಫಲಕ ತೂಗುಹಾಕಬೇಕು.

ಏರಿದ ಮೇಲೆ ಪಾಲಿಸಬೇಕಾದ ನಿಯಮಗಳು ಕೆಲವೇ ಇವೆ:

(ಅ) ಭಾರದ ಲೆಕ್ಕದಲ್ಲಿ ಜನರೂ ಸೇರುತ್ತಾರೆ. 227 ಕೆ.ಜಿ. ಮಿತಿಯಲ್ಲಿ ಇಬ್ಬರು ಕಾರ್ಮಿಕರು ಸುಮಾರು 140 ಕೆ.ಜಿ., ಉಪಕರಣಗಳು 20 ಕೆ.ಜಿ. ಎಂದುಕೊಂಡರೆ ಸಾಮಗ್ರಿಗೆ ಉಳಿಯುವುದು 67 ಕೆ.ಜಿ. ಮಾತ್ರ. 50 ಕೆ.ಜಿ.ಯ ಒಂದು ಸಿಮೆಂಟ್ ಚೀಲಕ್ಕೆ ಜಾಗವಿದೆ, ಎರಡಕ್ಕೆ ಇಲ್ಲ.
(ಆ) ಎರಡೂ ಪಾದಗಳು ಸದಾ ವೇದಿಕೆಯ ಮೇಲಿರಬೇಕು. ಕಂಬಿಯ ಮೇಲೆ ಏರುವುದು, ವೇದಿಕೆಯ ಮೇಲೆ ಏಣಿ ಅಥವಾ ಡ್ರಮ್ಮು ಇಟ್ಟುಕೊಳ್ಳುವುದು ಸಲ್ಲದು. ಕೈಗೆ ಎಟುಕದಿದ್ದರೆ ಆ ಯಂತ್ರ ಆ ಕೆಲಸಕ್ಕೆ ತಕ್ಕುದಲ್ಲ.
(ಇ) ಬಾಗಿಲು ಅಥವಾ ಸರಪಳಿಯನ್ನು ಹಾಕಿಕೊಳ್ಳಬೇಕು. ಈ ಯಂತ್ರದಲ್ಲಿ ಬೀಳದಂತೆ ತಡೆಯುವ ಮುಖ್ಯ ಸಾಧನ ಕಂಬಿ. ಸುರಕ್ಷತಾ ಬೆಲ್ಟನ್ನು ವೇದಿಕೆಯಲ್ಲಿ ಅದಕ್ಕೆಂದೇ ಇರುವ ಬಳೆಗೆ, ಕಂಬಿಯನ್ನು ದಾಟಲಾಗದಷ್ಟು ಗಿಡ್ಡ ಹಗ್ಗದಿಂದ ಕಟ್ಟಬೇಕು. ಪಕ್ಕದ ತೊಲೆಗೆ ಎಂದಿಗೂ ಕಟ್ಟಬಾರದು. ವೇದಿಕೆ ಇಳಿದರೆ ಮನುಷ್ಯ ಅಲ್ಲಿಯೇ ತೂಗುಬೀಳುತ್ತಾನೆ.
(ಈ) ಸ್ಥಳ ಬದಲಿಸುವಾಗ ವೇದಿಕೆಯನ್ನು ಪೂರ್ಣ ಕೆಳಗಿಳಿಸಿಯೇ ಚಲಾಯಿಸಬೇಕು. ಕೆಲವು ಯಂತ್ರಗಳು ಎತ್ತಿದ ಸ್ಥಿತಿಯಲ್ಲಿಯೂ ನಿಧಾನವಾಗಿ ಚಲಿಸಬಲ್ಲವು. ಅದು ಗಟ್ಟಿಯಾದ, ಪರಿಶೀಲಿಸಿದ, ಸಮತಟ್ಟಾದ ನೆಲಕ್ಕೆ ಮಾತ್ರ.
(ಉ) ಯಂತ್ರದ ಸುತ್ತ ಹಗ್ಗ ಅಥವಾ ಪಟ್ಟಿ ಕಟ್ಟಿ ಬೇರೆಯವರು ಒಳಬರದಂತೆ ನೋಡಿಕೊಳ್ಳಬೇಕು. ಶಾಲಾ ಆವರಣದಲ್ಲಿ ಇದು ವಿಶೇಷವಾಗಿ ಅಗತ್ಯ.
(ಊ) ಬ್ಯಾಟರಿಗೆ ಚಾರ್ಜ್ ಹಾಕುವ ಸ್ಥಳದಲ್ಲಿ ಗಾಳಿಯಾಡಬೇಕು; ಅಲ್ಲಿ ಬೀಡಿ, ಬೆಂಕಿ ಕೂಡದು. ಚಾರ್ಜ್ ಆಗುವಾಗ ಹೊಮ್ಮುವ ಜಲಜನಕ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

7. ನೆಲದ ಮೇಲಿನ ಮನುಷ್ಯ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿರಿ. ಯಂತ್ರ ಮೇಲಿರುವಷ್ಟು ಹೊತ್ತೂ, ಅದನ್ನು ನೆಲದಿಂದ ಇಳಿಸಲು ತಿಳಿದ ಒಬ್ಬ ವ್ಯಕ್ತಿ ಕೆಳಗೆ ಇರಲೇಬೇಕು. ಮೇಲಿದ್ದವನಿಗೆ ತಲೆಸುತ್ತು ಬರಬಹುದು, ಅವನು ತೊಲೆಗೆ ಸಿಕ್ಕಿಕೊಳ್ಳಬಹುದು, ಬ್ಯಾಟರಿ ನಿಲ್ಲಬಹುದು. ಆಗ ಅವನನ್ನು ಕೆಳಗೆ ತರಬಲ್ಲವನು ನೆಲದ ಮೇಲಿನವನೇ. ತುರ್ತು ಇಳಿಕೆಯ ಕೀಲಿ ಎಲ್ಲಿದೆ, ಅದನ್ನು ತಿರುಗಿಸಬೇಕೋ ಎಳೆಯಬೇಕೋ ಎಂಬುದು ಪ್ರತಿ ಮಾದರಿಯಲ್ಲಿ ಭಿನ್ನ. ಯಂತ್ರ ಸ್ಥಳಕ್ಕೆ ಬಂದ ದಿನವೇ ಕನಿಷ್ಠ ಇಬ್ಬರು ಅದನ್ನು ಕೈಯಾರೆ ಮಾಡಿ ನೋಡಿರಬೇಕು. ಹೇಳಿದ್ದನ್ನು ಕೇಳಿದರೆ ಸಾಲದು. ಆ ವ್ಯಕ್ತಿಯನ್ನು ಚಹಾ ತರಲು ಅಥವಾ ಇಟ್ಟಿಗೆ ಹೊರಲು ಕಳುಹಿಸಬಾರದು.

8. ಕಾನೂನು ಮತ್ತು ಪಂಚಾಯತಿಯ ಅವಕಾಶ

ಕಟ್ಟಡ ಕಾರ್ಮಿಕರ ಸುರಕ್ಷತೆ ಮತ್ತು ಕಲ್ಯಾಣಕ್ಕಾಗಿ 1996ರಲ್ಲಿ ಕೇಂದ್ರ ಕಾಯ್ದೆ ಜಾರಿಗೆ ಬಂದಿತು. ಅದರ ವಿಷಯಗಳನ್ನು ಈಗ 2020ರ ಕಾರ್ಮಿಕ ಸಂಹಿತೆಗಳೊಳಗೆ ತರಲಾಗಿದೆ. ಹೆಸರು ಬದಲಾದರೂ ತತ್ವ ಅದೇ ಆಗಿದೆ: ಕೆಲಸದ ಸ್ಥಳವನ್ನು ಸುರಕ್ಷಿತವಾಗಿಡುವ ಹೊಣೆ ಕೆಲಸ ಮಾಡಿಸುವವರದು, ಕಾರ್ಮಿಕನದಲ್ಲ. "ಅವನೇ ಬೆಲ್ಟ್ ಹಾಕಿಕೊಳ್ಳಲಿಲ್ಲ" ಎಂಬುದು ಗುತ್ತಿಗೆದಾರನನ್ನು ಹೊಣೆಯಿಂದ ಬಿಡಿಸುವ ಮಾತಲ್ಲ.

ಗ್ರಾಮ ಪಂಚಾಯತಿಗೆ ಎರಡು ಬಗೆಯ ಅವಕಾಶಗಳಿವೆ. ಒಂದು, 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕರಣ 64ರ ಅಡಿಯಲ್ಲಿ ಕಟ್ಟಡ ನಿರ್ಮಾಣಕ್ಕೆ ಅನುಮತಿ ನೀಡುವಾಗ ಮಾಲೀಕರೊಂದಿಗೆ ಸುರಕ್ಷತೆಯ ಕುರಿತು ಮಾತನಾಡುವ ಸಂದರ್ಭ. ಇನ್ನೊಂದು, ಪಂಚಾಯತಿಯೇ ಕೈಗೊಳ್ಳುವ ಕಾಮಗಾರಿಗಳು. ಇಲ್ಲಿ ಕೆಲಸ ಮಾಡಿಸುವವರು ನಾವೇ. ಆದ್ದರಿಂದ ಕಾರ್ಯಾದೇಶದಲ್ಲಿ ಕೆಳಗಿನ ಷರತ್ತನ್ನು ಸೇರಿಸಲು ಸಾಮಾನ್ಯ ಸಭೆಯಲ್ಲಿ ತೀರ್ಮಾನಿಸಬಹುದು:

"ಎತ್ತರದ ಕೆಲಸಕ್ಕೆ ಯಾಂತ್ರಿಕ ವೇದಿಕೆಯನ್ನು ಬಳಸುವಲ್ಲಿ ಗುತ್ತಿಗೆದಾರರು ತರಬೇತಿ ಪಡೆದ ಚಾಲಕನನ್ನೂ ತುರ್ತು ಇಳಿಕೆಯನ್ನು ಬಲ್ಲ ನೆಲದ ಸಹಾಯಕನನ್ನೂ ನೇಮಿಸತಕ್ಕದ್ದು. ದೈನಂದಿನ ತಪಾಸಣಾ ಪುಸ್ತಕವನ್ನು ಸ್ಥಳದಲ್ಲಿಡತಕ್ಕದ್ದು. ಯಂತ್ರದ ಯಾವುದೇ ಸುರಕ್ಷತಾ ಸಾಧನವನ್ನು ನಿಷ್ಕ್ರಿಯಗೊಳಿಸತಕ್ಕದ್ದಲ್ಲ."

ಇದರೊಂದಿಗೆ, ನಮ್ಮ ಹಳ್ಳಿಗಳಿಂದ ಕಟ್ಟಡ ಕೆಲಸಕ್ಕೆ ಹೋಗುವವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಬೇಕು. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅರ್ಹರು. ನೋಂದಣಿ ಇಲ್ಲದ ಕಾರ್ಮಿಕನಿಗೆ ಅಪಘಾತವಾದಾಗ ಕುಟುಂಬವು ಮಂಡಳಿಯ ನೆರವಿನಿಂದ ವಂಚಿತವಾಗುತ್ತದೆ. ಪ್ರತಿ ಸದಸ್ಯರು ತಮ್ಮ ವಾರ್ಡಿನಲ್ಲಿ ನೋಂದಣಿಯಾಗದವರ ಪಟ್ಟಿಯನ್ನು ಸಿದ್ಧಪಡಿಸಿದರೆ ಅದೊಂದು ದೊಡ್ಡ ಕೆಲಸ.

9. ಸ್ಥಳ ಭೇಟಿಯಲ್ಲಿ ಕೇಳಬೇಕಾದ ಏಳು ಪ್ರಶ್ನೆಗಳು

(1) ಈ ನೆಲದಡಿ ಕಾಲುವೆ, ಗುಂಡಿ, ತೊಟ್ಟಿ ಇದೆಯೇ? ಗೆರೆ ಎಲ್ಲಿ ಎಳೆದಿದ್ದೀರಿ?
(2) ಮೇಲೆ ತಂತಿ ಇದೆಯೇ? ಇದ್ದರೆ ಲೈನ್ ಕ್ಲಿಯರ್ ಪತ್ರ ಎಲ್ಲಿದೆ?
(3) ಈ ಯಂತ್ರ ಹೊರಾಂಗಣಕ್ಕೆ ತಕ್ಕುದೇ? ಫಲಕದಲ್ಲಿ ಎಷ್ಟು ಜನ, ಎಷ್ಟು ಭಾರ, ಎಷ್ಟು ಗಾಳಿ ಎಂದಿದೆ?
(4) ಚಾಲಕನಿಗೆ ತರಬೇತಿ ನೀಡಿದವರು ಯಾರು? ಯಾವಾಗ?
(5) ಇಂದಿನ ತಪಾಸಣೆಯ ಸಹಿ ತೋರಿಸಿರಿ.
(6) ಓರೆಯ ಗಂಟೆ ಕೆಲಸ ಮಾಡುತ್ತಿದೆಯೇ? ಮೊಳಗಿಸಿ ತೋರಿಸಿರಿ.
(7) ಕೆಳಗಿನಿಂದ ಇಳಿಸುವವರು ಯಾರು? ಈಗಲೇ ಇಳಿಸಿ ತೋರಿಸಿರಿ.

ಏಳನೆಯ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಕೈಯಲ್ಲಿ ಬರಬೇಕು. ಉತ್ತರಗಳು ತೃಪ್ತಿಕರವಾಗಿಲ್ಲದಿದ್ದರೆ ಸದಸ್ಯರು ಸ್ವತಃ ವಾಗ್ವಾದಕ್ಕಿಳಿಯದೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಪಂಚಾಯತಿಯ ಕಾಮಗಾರಿಯಾದರೆ ಕೆಲಸ ನಿಲ್ಲಿಸಲು ಸೂಚಿಸಬಹುದು. ಖಾಸಗಿಯವರದಾದರೆ ಕಾರ್ಮಿಕ ಇಲಾಖೆಯ ಗಮನಕ್ಕೆ ತರಬಹುದು. ಅಪಘಾತ ಸಂಭವಿಸಿದ್ದರೆ 108 ಅಥವಾ 112ಕ್ಕೆ ಕರೆ ಮೊದಲು, ಉಳಿದದ್ದೆಲ್ಲ ನಂತರ.

10. ಕೊನೆಯದಾಗಿ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಮೃತಪಟ್ಟಿದ್ದನ್ನು ಈ ಜಿಲ್ಲೆಯವರಾದ ನಾವು ಮರೆತಿಲ್ಲ. ಅದು ಯಂತ್ರದ ಅಪಘಾತವಲ್ಲ. ಅದರ ಕಾರಣಗಳು ಬೇರೆ. ಆದರೆ ನಿರ್ಮಾಣದಲ್ಲಿ ಒಬ್ಬರು ಕೈಗೊಂಡ ತೀರ್ಮಾನದ ಬೆಲೆಯನ್ನು ಆ ತೀರ್ಮಾನದಲ್ಲಿ ಪಾಲಿಲ್ಲದ ಇನ್ನೊಬ್ಬರು ತೆರಬೇಕಾಗುತ್ತದೆ ಎಂಬ ಪಾಠವನ್ನು ಅದು ನಮ್ಮ ಕಣ್ಣೆದುರಿಗೇ ಕಲಿಸಿತು.

ಕೆಲಗೇರಿಯ ಗೋದಾಮಿನಲ್ಲಿ ಆ ದಿನ ಯಾರೂ ಸಾಯಲಿಲ್ಲ. ಗುಂಡಿ ರಕ್ಷಕ ಪಟ್ಟಿಯನ್ನೂ ಯಾರಾದರೂ ಕಿರಿಕಿರಿಯೆಂದು ಬಿಚ್ಚಿಟ್ಟಿದ್ದರೆ ಫಲ ಬೇರೆಯಾಗುತ್ತಿತ್ತು. ಆದ್ದರಿಂದ ಗಾಯವಾಗದ ಘಟನೆಗಳನ್ನೂ ದಾಖಲಿಸುವ ಪದ್ಧತಿಯನ್ನು ನಮ್ಮ ಕಾಮಗಾರಿಗಳಲ್ಲಿ ಆರಂಭಿಸೋಣ. ಈ ಲೇಖನವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸಿ, ಏಳು ಪ್ರಶ್ನೆಗಳ ಪ್ರತಿಯನ್ನು ಪಂಚಾಯತಿಯ ಸೂಚನಾ ಫಲಕದಲ್ಲಿ ಹಾಗೂ ಪ್ರತಿ ಕಾಮಗಾರಿಯ ಸ್ಥಳದಲ್ಲಿ ಪ್ರದರ್ಶಿಸಬೇಕೆಂದು ಮಾನ್ಯ ಸದಸ್ಯರಲ್ಲಿ ವಿನಂತಿಸುತ್ತೇನೆ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ
ಧಾರವಾಡ ತಾಲೂಕು